ಕೋಣಕ್ಕಿಟ್ಟ ಹೆಸರು

"ಗುರುಗಳೇ, ನನಗೆ ಕೇಡು ಮಾಡಿದವನನ್ನು ನಾನು ದಿನಾ ಹೆಸರು ಹಿಡಿದು ಶಪಿಸುತ್ತೇನೆ. ಕೈಲಾಗದವನು ಬೇರೆ ಏನು ಮಾಡಲಿ? ಇದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಅವನಿಗೆ ಮೂರ್ಛೆ ರೋಗವಿದೆ ಎಂದು ಅವನ ಚಿಕ್ಕಪ್ಪನೇ ಹೆಣ್ಣಿನ ಮನೆಯವರ ಕಿವಿಯಲ್ಲಿ ಸುಳ್ಳು ಊದಿ, ಗೊತ್ತಾಗಿದ್ದ ಮದುವೆಯನ್ನು ಮುರಿದಿದ್ದ. ಅಂದಿನಿಂದ ಶಿಷ್ಯ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಚಿಕ್ಕಪ್ಪನ ಹೆಸರು ಹಿಡಿದು ಮನಸಾರೆ ಬೈಯುತ್ತಿದ್ದ. ಶಿವನ ಹೆಸರು ಬರುತ್ತಿದ್ದದ್ದು ಅದಾದ ಮೇಲೆ.

"ತಪ್ಪು ಅಂತ ನಾನೆಲ್ಲಿ ಹೇಳಿದೆ?" ಎಂದರು ಗುರುಗಳು. "ಬೈಯುವ ಹಕ್ಕು ನಿನಗಿದೆ. ಕೂತುಕೋ, ನೀನೂ ನಾಲ್ಕು ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ."

ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಒಕ್ಕಲು ಹೆಂಗಸು. ಸೋದರಮಾವನನ್ನೇ ಮದುವೆಯಾದವಳು, ಹುಟ್ಟಿದ್ದೂ ಸೇರಿದ್ದೂ ಅದೇ ಊರು. ಅದೇ ಊರಿನಲ್ಲಿ ದ್ಯಾವೀರ ಎಂಬ ರೈತನಿದ್ದ. ಅವನ ಹೆಸರು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಕೆರೆಯ ತೂಬಿನಿಂದ ಯಾರ ಗದ್ದೆಗೆ ಯಾವತ್ತು ನೀರು ಎಂದು ಹೇಳುವ ಹಕ್ಕು ಅವನ ಮನೆತನದ್ದು. ಹಾಗಾಗಿ ಊರಿನ ಗಂಡಸರು ಅವನೆದುರು ದನಿ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕಬ್ಬಿನ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ದ್ಯಾವೀರ ಹಿಂದಿನಿಂದ ಬಂದು ಕೈ ಹಿಡಿದ. ಅವಳು "ಅವ್ವಾ" ಎಂದು ಕೂಗಿಕೊಂಡಳು. ಅವಳ ಅವ್ವ ಸತ್ತು ಎರಡು ವರ್ಷವಾಗಿತ್ತು, ಆದರೂ ಬಾಯಿಗೆ ಬಂದದ್ದು ಅದೇ. ಅಕ್ಕಪಕ್ಕದ ಗದ್ದೆಗಳಿಂದ ನಾಲ್ಕು ಮಂದಿ ಓಡಿ ಬಂದರು. ದ್ಯಾವೀರ ಕೈ ಬಿಟ್ಟ. ಬಿಟ್ಟವನು ಓಡಲಿಲ್ಲ. ಹಣೆಯ ಬೆವರು ಒರೆಸಿಕೊಂಡು, ನಾಲಿಗೆ ತಡವರಿಸದೆ ಹೇಳಿದ: "ಇವಳೇ ನನ್ನ ಹೆಸರಿಡಿದು ಕರುದ್ಲು. ಹಾವುಗೀವು ಕಚ್ತೇನೋ ಅಂತ ಬಂದೆ."

ಆ ಊರಿನ ಪದ್ಧತಿ ನಿನಗೆ ಗೊತ್ತಿರಬೇಕು. ಅಲ್ಲಿ ಹೆಂಗಸರು ಗಂಡಸರ ಹೆಸರು ಹೇಳುವುದಿಲ್ಲ. ಗಂಡನ ಹೆಸರಂತೂ ಇಲ್ಲವೇ ಇಲ್ಲ. ಗಂಡನಿಗೆ ದೇವರ ಹೆಸರಿದ್ದರೆ ಆ ದೇವರನ್ನೂ ಬೇರೆ ಹೆಸರಿನಿಂದ ಬೇಡಿಕೊಳ್ಳುತ್ತಾರೆ. ನೆರೆಯವನನ್ನು ಕರೆಯಬೇಕಾದರೆ ಅವನ ಮಗುವಿನ ಹೆಸರು ಹೇಳಿ, ಇಂಥವರ ಅಪ್ಪ ಎನ್ನುತ್ತಾರೆ. ಒಬ್ಬಳು ಬೇರೆ ಗಂಡಸನ್ನು ಹೆಸರು ಹಿಡಿದು ಕರೆದಳು ಎಂದರೆ ಅದಕ್ಕೆ ಆ ಊರಿನಲ್ಲಿ ಇದ್ದದ್ದು ಒಂದೇ ಅರ್ಥ. ದ್ಯಾವೀರ ಹತ್ತು ಸುಳ್ಳು ಹೇಳಬೇಕಾಗಿರಲಿಲ್ಲ. ಒಂದು ಸಾಕಾಯಿತು.

ಮರುದಿನ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಊರ ಯಜಮಾನ ಅವಳನ್ನು ಕೇಳಿದ, "ಕರೆದೆಯೇನವ್ವ?" ಅವಳು ಹೇಳಿದಳು, "ಇಲ್ಲ. ನಾನು ಅವ್ವಾ ಅಂದೆ. ಬಂದೋರು ಕೇಳವ್ರೆ, ಅವರನ್ನೇ ಕೇಳಿ."

ಓಡಿ ಬಂದಿದ್ದ ನಾಲ್ವರನ್ನೂ ಕೇಳಿದರು. ನಾಲ್ವರ ಗದ್ದೆಯೂ ತೂಬಿನ ಕೆಳಗಿತ್ತು, ನಾಟಿಗೆ ಹದಿನೈದು ದಿನ ಇತ್ತು. ಒಬ್ಬ ನೆಲ ನೋಡಿದ. ಇನ್ನೊಬ್ಬ ಮರ ನೋಡಿದ. ಮೂರನೆಯವನು ಏನೋ ಕೂಗಿದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ ಎಂದ. ನಾಲ್ಕನೆಯವನು ಮೂರನೆಯವನು ಹೇಳಿದ್ದನ್ನೇ ಹೇಳಿದ. ಅವಳೇ ಕರೆದಳು ಎಂದು ತೀರ್ಮಾನವಾಯಿತು. ಅವಳ ಗಂಡ ಅವಳನ್ನು ಒಂದು ಮಾತೂ ಕೇಳಲಿಲ್ಲ. ಕಟ್ಟೆಯ ಮೇಲೆ ಹಾಸಿಕೊಂಡಿದ್ದ ಟವೆಲನ್ನು ಎತ್ತಿ ಕೊಡವಿ, ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಕೂಸಾಗಿದ್ದಾಗ ಎತ್ತಿ ಆಡಿಸಿದ್ದವನು ಅವನೇ.

ಕೆರೆಯ ಏರಿಯ ಪಕ್ಕ ಅವಳ ಅವ್ವನ ಗುಡಿಸಲಿತ್ತು. ಅದರ ಹಿಂದೆ ಒಂದು ತುಂಡು ಹೊಲವಿತ್ತು. ಅವಳು ಅಲ್ಲಿಗೆ ಹೋದಳು. ಅತ್ತಳು. ಅತ್ತು ಮುಗಿದ ಮೇಲೆ ಏನು ಬೇಕು ಎಂದು ತನ್ನನ್ನೇ ಕೇಳಿಕೊಂಡಳು. ಗಂಡ ಬೇಕಾಗಿರಲಿಲ್ಲ, ಮುಖದ ಮೇಲೆ ಬಾಗಿಲು ಹಾಕಿದವನನ್ನು ಕಟ್ಟಿಕೊಂಡು ಏನು ಮಾಡುವುದು? ದ್ಯಾವೀರನ ಕಬ್ಬಿಗೆ ಬೆಂಕಿ ಇಡಬೇಕು, ಹಿಡಿದ ಕೈಯನ್ನು ಕುಡುಗೋಲಿನಿಂದ ಕತ್ತರಿಸಬೇಕು ಎನ್ನಿಸಿತು. ಆದರೆ ಕಬ್ಬು ಸುಟ್ಟರೂ ಕೈ ಹೋದರೂ ಅವನು ಆಡಿದ ಮಾತು ಹಾಗೇ ಉಳಿಯುತ್ತದೆ. ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ, ಅವನೇ ನಿಂತು 'ಅವಳು ಕರೆಯಲಿಲ್ಲ' ಎನ್ನಬೇಕು. ಎರಡೇ ಪದ. ಅಷ್ಟು ಹೇಳುವ ತನಕ ಅವನಿಗೆ ತಿಂದ ಅನ್ನ ಮೈಗೆ ಹತ್ತಬಾರದು. ಅವಳಿಗೆ ಬೇಕಾದದ್ದು ಇಷ್ಟೇ.

ಎಮ್ಮೆ ಸಾಕುವವರ ಮನೆಯಲ್ಲಿ ಗಂಡು ಕರು ಹುಟ್ಟಿದರೆ ಅದಕ್ಕೆ ಹಾಲು ಬಿಡುವುದಿಲ್ಲ. ಸತ್ತರೆ ಸಾಯಲಿ ಎಂದು ಮೂಲೆಯಲ್ಲಿ ಕಟ್ಟುತ್ತಾರೆ. ಅಂಥ ಒಂದು ಕರುವನ್ನು ಅವಳು ಕೇಳಿ ಹೊತ್ತುಕೊಂಡು ಬಂದಳು. ರಾಗಿ ಅಂಬಲಿ ಕುಡಿಸಿ ಬದುಕಿಸಿದಳು. ಅದು ಗಟ್ಟಿಯಾಗಿ ನಿಲ್ಲುವಂತಾದ ಮೇಲೆ ಕೊರಳಿಗೆ ಹಗ್ಗ ಕಟ್ಟಿ ನೀರಿಗೆ ಹೊಡೆದುಕೊಂಡು ಹೊರಟಳು. ಗುಡಿಸಲಿನಿಂದ ಕೆರೆಗೆ ನಾಲ್ಕು ಹೆಜ್ಜೆ. ಅವಳು ಊರೆಲ್ಲ ಬಳಸಿಕೊಂಡು, ನಡುಬೀದಿಯಲ್ಲಿ ನಡೆದು, ದ್ಯಾವೀರನ ಬಾಗಿಲ ಮುಂದೆ ನಿಂತು ಗಂಟಲೆತ್ತಿ ಕೂಗಿದಳು: "ದ್ಯಾವೀರಾ! ನಡಿಯೋ, ನಿನ್ನ ಮೂತಿಗಿಷ್ಟು ಬೆಂಕಿ ಹಾಕ!"

ಒಳಗಿನಿಂದ ದ್ಯಾವೀರನ ಹೆಂಡತಿ ಓಡಿ ಬಂದಳು. ಗಂಡನನ್ನು ಹೀಗೆ ಬೈದು ಕರೆಯುವವರು ಎಂದರೆ ಅತ್ತೆಯ ತವರಿನ ಹಿರಿಯರು ಯಾರೋ ಬಂದಿರಬೇಕು ಎಂದು ಕಾಲಿಗೆ ಚೊಂಬಿನಲ್ಲಿ ನೀರು ತಂದಿದ್ದಳು. ಬಾಗಿಲಲ್ಲಿ ನಿಂತಿದ್ದದ್ದು ಕೋಣನ ಕರು. ಅದು ಅವಳ ಕೈಯಲ್ಲಿದ್ದ ಚೊಂಬಿನೊಳಗೆ ಮೂತಿ ಇಟ್ಟಿತು.

ಅಂದಿನಿಂದ ಊರಿಗೆ ನಗುವುದೇ ಕೆಲಸವಾಯಿತು. ದ್ಯಾವೀರ ಇವತ್ತು ಮೇವು ಮುಟ್ಟಲಿಲ್ಲವಂತೆ. ದ್ಯಾವೀರನ ಕಿವಿಯಲ್ಲಿ ಉಣ್ಣೆ ಸೇರಿದೆಯಂತೆ. ದ್ಯಾವೀರನಿಗೆ ನಾಳೆ ಮೂಗುದಾರ ಹಾಕುತ್ತಾರಂತೆ. ಕಟ್ಟೆಯ ಮೇಲೆ ತುಟಿಪಿಟಕ್ಕೆನ್ನದ ಗಂಡಸರೇ ಈಗ ಬಾಯ್ತುಂಬ ನಕ್ಕರು. ನಕ್ಕರೆ ಯಾರ ನೀರಿನ ಸರದಿಯೂ ತಪ್ಪುವುದಿಲ್ಲವಲ್ಲ.

ದ್ಯಾವೀರ ತಡೆಯಲಾರದೆ ಯಜಮಾನನ ಬಳಿ ದೂರು ಒಯ್ದ. ಯಜಮಾನ ಅವಳನ್ನು ಕಟ್ಟೆಗೆ ಕರೆಸಿ, ಕೋಣಕ್ಕೆ ಬೇರೆ ಹೆಸರು ಇಡು ಎಂದ.

"ನಾನು ಈವಪ್ಪನ ಹೆಸರಿಡಿದು ಕರೆದೆ ಅಂತ ಇದೇ ಕಟ್ಟೆ ಮೇಲೆ ತೀರ್ಮಾನ ಮಾಡಿದ್ರಿ" ಎಂದಳು ಅವಳು. "ಕರೆಯೋಳು ಅಂತ ಹೆಸರು ಬಂದ ಮೇಲೆ ಕರೀಬೇಡ ಅಂದ್ರೆ ಹೆಂಗೆ ಯಜಮಾನ್ರೇ? ಅವಳು ಕರೀಲಿಲ್ಲ ಅಂತ ಈಗಿಂದೀಗ್ಲೇ ಹೇಳ್ಲಿ. ಈ ಕ್ಷಣಕ್ಕೇ ಹೆಸರು ಬದಲಾಯಿಸ್ತೀನಿ."

ಎಲ್ಲರೂ ದ್ಯಾವೀರನ ಮುಖ ನೋಡಿದರು. ಅವನು ಎದ್ದು ಹೋದ. ಮುಂದೆ ಅವನು ಕಟ್ಟೆಗೆ ಬರುವುದನ್ನೇ ಬಿಟ್ಟ. ಗದ್ದೆಗೆ ಹೋಗಲು ಸುಡುಗಾಡಿನ ಕಡೆಯ ಸುತ್ತುದಾರಿ ಹಿಡಿದ. ಅವಳಿಗೆ ಅಂದು ಹೊಟ್ಟೆ ತಣ್ಣಗಾಯಿತು. ಇನ್ನೇನು ಆ ಎರಡು ಪದ ಬಂದೇ ಬಿಡುತ್ತವೆ ಎನ್ನಿಸಿತು.

ನಾನು ಅವಳನ್ನು ತಪ್ಪು ಎನ್ನುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎರಡು ಕೋಣ ಸಾಕುತ್ತಿದ್ದೆ.

ಕೋಣ ಬೆಳೆಯಿತು. ಅವಳ ಹೊಲ ಉತ್ತಿತು. ಕಂಡವರ ಮನೆಗೆ ಸೌದೆ ಹೇರಿತು, ಮಣ್ಣು ಹೊತ್ತಿತು. ಅವಳ ಊಟ ಅದರ ಬೆನ್ನಿನ ಮೇಲೆ ನಡೆಯಿತು. ಆದರೆ ಕೋಣ ಬಿಸಿಲು ತಾಳುವ ಪ್ರಾಣಿಯಲ್ಲ. ನೊಗ ಇಳಿಸಿದರೆ ಸಾಕು, ಕೆರೆಗೆ ಹೋಗಿ ಮುಳುಗಿತು ಎಂದರೆ ಕೊಂಬು ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಹೊತ್ತು ಮುಳುಗುವ ಮೊದಲು ಅದನ್ನು ಎಬ್ಬಿಸಬೇಕು. ನೀರಿಗೆ ಇಳಿದು ಎಳೆಯಲು ಯಾರಿಂದಲೂ ಆಗುವುದಿಲ್ಲ. ಏರಿಯ ಮೇಲೆ ನಿಂತು ಕರೆಯಬೇಕು. ಬೈದು ಕರೆದರೆ ಅದು ಇನ್ನೂ ಆಳಕ್ಕೆ ಸರಿದು ಮಲಗುತ್ತದೆ. ಎಮ್ಮೆ ಕೋಣ ಕಟ್ಟಿದವರಿಗೆಲ್ಲ ಇದು ಗೊತ್ತು.

ಮೊದಲ ವರ್ಷ ಅವಳು ಬೈದೇ ಕರೆದಳು. ಕೋಣ ಏಳಲಿಲ್ಲ. ಕಲ್ಲೆಸೆದಳು, ಏಳಲಿಲ್ಲ. ಗಂಟಲು ಸೋತು ಬೈಗುಳ ಒಂದೊಂದಾಗಿ ಉದುರಿಹೋದವು. ಹೆಸರು ಉಳಿಯಿತು. ಆಮೇಲೆ ಹೆಸರಿನ ಹಿಂದೆ ಬೇರೆ ಮಾತು ಬಂದು ಸೇರಿಕೊಂಡಿತು. "ದ್ಯಾವೀರಾ... ಬಾರೋ. ಬಾರಪ್ಪಾ. ಹೊತ್ತಾಯ್ತು ಕಣೋ." ಆಗ ಕೋಣ ಕಿವಿ ಅಲ್ಲಾಡಿಸಿ, ನೀರು ಸುರಿಸಿಕೊಂಡು ಎದ್ದು ಬಂದು ಅವಳ ಹೆಗಲಿಗೆ ಮೂತಿ ಒರೆಸುತ್ತಿತ್ತು. ಈ ಲೋಕದಲ್ಲಿ ಅವಳು ಕರೆದರೆ ಬರುವ ಜೀವ ಅದೊಂದೇ.

ಒಂದು ಸಂಜೆ ಅವಳ ದನಿ ಅವಳಿಗೇ ಕೇಳಿಸಿತು. ಭಯವಾಯಿತು. ಮರುದಿನ ಬೇಕೆಂದೇ ಹಲ್ಲು ಕಚ್ಚಿ ಬೈದು ಕರೆದಳು. ಕೋಣ ಕತ್ತಲಾಗುವ ತನಕ ನೀರು ಬಿಡಲಿಲ್ಲ. ಹೆಸರು ಅವನದು, ಕರೆಯುವ ದನಿ ಕೋಣಕ್ಕೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ಸಮಾಧಾನ ಮಾಡಿಕೊಂಡಳು.

ಎಂಟು ವರ್ಷ ಹೀಗೆ ನಡೆಯಿತು. ಒಂಬತ್ತನೆಯ ವರ್ಷ ದ್ಯಾವೀರ ಜ್ವರ ಹಿಡಿದು ಮಲಗಿದ. ಅವಳ ಜೀವ ಬಾಯಿಗೆ ಬಂತು. ಅವನಿಗೇನಾದರೂ ಆಗುತ್ತದಲ್ಲ ಎಂದಲ್ಲ. ಹೇಳದೆ ಹೋಗಿಬಿಟ್ಟರೆ ಎಂದು.

ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಏರಿಯ ಮೇಲೆ ಬಂದಳು. "ನಾಲ್ಕು ದಿನ ಕರೀಬೇಡ ಕಣವ್ವ" ಎಂದಳು. "ನೀನು ಕರೆದಾಗೆಲ್ಲ ಅವರು ಬೆಚ್ಚಿ ಎದ್ದು ಕೂತ್ಕತಾರೆ."

"ಕರೀಲಿಲ್ಲ ಅಂತ ಒಂದ್ಸಲ ಹೇಳ್ಲಿ ಅಕ್ಕ. ನನ್ನ ಬಾಯಿ ಹೊಲ್ಕತೀನಿ."

ದ್ಯಾವೀರನ ಹೆಂಡತಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. "ನೀನು ಕರೀಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು. ಅವರ ಮುಖ ನೋಡಿದ್ರೆ ನಂಗೆ ಗೊತ್ತಾಗಲ್ವ?"

ಒಂಬತ್ತು ವರ್ಷದಲ್ಲಿ ಅವಳು ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ದ್ಯಾವೀರನ ಹೆಂಡತಿಯ ಎರಡೂ ಕೈ ಹಿಡಿದುಕೊಂಡು, "ಹಂಗಾದ್ರೆ ಬಾ ಅಕ್ಕ, ಕಟ್ಟೆ ಮೇಲೆ ಬಂದು ಹೇಳು. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು.

"ಹೇಳಿದ್ರೆ ಆಮೇಲೆ ನಾನು ಯಾರ ಹೆಂಡ್ತಿ ಅನ್ನಿಸ್ಕೊಂಡು ಓಡಾಡ್ಲಿ?" ಎಂದು ದ್ಯಾವೀರನ ಹೆಂಡತಿ ಕೈ ಬಿಡಿಸಿಕೊಂಡು ಏರಿ ಇಳಿದು ಹೋದಳು.

ಮೂರನೆಯ ದಿನ ಮಧ್ಯಾಹ್ನ ದ್ಯಾವೀರನ ಮನೆಯಲ್ಲಿ ಗೋಳು ಎದ್ದಿತು. ಕೋಣ ಆಗಲೇ ಕೆರೆಗೆ ಇಳಿದಿತ್ತು. ಅವಳು ಗುಡಿಸಲ ಬಾಗಿಲಲ್ಲಿ ಕುಸಿದು ಕೂತಳು. ಸತ್ತ. ಹೇಳದೆ ಸತ್ತ. ಇನ್ನು ಹೇಳಬಲ್ಲ ಬಾಯಿಯೇ ಇಲ್ಲ. ಅವಳು ಅಂದು ಅತ್ತ ಹಾಗೆ ಕಟ್ಟೆಯಿಂದ ಬಂದ ದಿನವೂ ಅತ್ತಿರಲಿಲ್ಲ.

ಹೊತ್ತು ಇಳಿಯಿತು. ದೂರದ ನೆಂಟರು ಬರಲಿ ಎಂದು ಹೆಣವನ್ನು ಜಗುಲಿಯ ಮೇಲೆ ಕೂರಿಸಿದ್ದರು. ಊರೆಲ್ಲ ಅಲ್ಲಿ ಸೇರಿತ್ತು. ಕೋಣ ನೀರಿನಲ್ಲೇ ಇತ್ತು. ಅವಳು ಏರಿ ಹತ್ತಿ ನಿಂತಳು. ಸತ್ತವನ ಹೆಸರು ಈ ಹೊತ್ತಿನಲ್ಲಿ ಕೂಗಬಾರದು ಎಂದುಕೊಂಡು "ಕರಿಯಾ" ಎಂದು ಕರೆದಳು. ಕೋಣ ತಿರುಗಲಿಲ್ಲ. "ಕಾಳಾ" ಎಂದಳು, "ಮಾರಾ" ಎಂದಳು. ಅವು ಯಾರದೋ ಹೆಸರು ಎನ್ನುವಂತೆ ಕೋಣ ಮಲಗಿತ್ತು. ಕೆರೆಯ ನಡುವೆ ಕೆಸರು ಆಳ. ಹಿಂದಿನ ವರ್ಷ ಬೇರೆಯವರ ಎಮ್ಮೆಯೊಂದು ಕತ್ತಲಲ್ಲಿ ಅದರಲ್ಲೇ ಹೂತು ಸತ್ತಿತ್ತು. ಅವಳು ತಡೆದಳು. ಇನ್ನಷ್ಟು ತಡೆದಳು. ಬೆಳಕು ಹೋಗುತ್ತ ಬಂದಾಗ ಅಳುವ ಗಂಟಲಲ್ಲೇ ಕರೆದಳು:

"ದ್ಯಾವೀರಾ... ಬಾರಪ್ಪಾ. ಬಿಟ್ಟು ಹೋಗಬೇಡ್ವೋ. ನಂಗೆ ಇನ್ಯಾರವ್ರೆ, ಬಾರೋ."

ಕೋಣ ಎದ್ದು ಬಂತು. ಆದರೆ ಆ ಕೂಗು ನೀರಿನ ಮೇಲೆ ಹಾದು ಸಾವಿನ ಮನೆಗೂ ಹೋಗಿತ್ತು. ಅಲ್ಲಿ ಅಳುತ್ತಿದ್ದವರು ಅಳು ನಿಲ್ಲಿಸಿ ಕೇಳಿದರು. ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಜೀವ ಅವನ ಮೇಲೇ ಇತ್ತು ನೋಡು" ಎಂದಳು ಒಬ್ಬಳು. ನಾಟಿಯ ಮುಂಚೆ ಏನೂ ಕೇಳಿಸದಿದ್ದ ಆ ನಾಲ್ವರು ಗಂಡಸರೂ ಅಲ್ಲೇ ಕೂತಿದ್ದರು. ಈ ಸಲ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಅಂದು ಕಬ್ಬಿನ ಗದ್ದೆಯಲ್ಲಿ ಕೇಳಿದ್ದೂ ಇದೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಅನ್ನಿಸಿದ್ದರಿಂದ ಅವರ ಮನಸ್ಸು ಹಗುರವಾಯಿತು.

ಆಮೇಲೆ ಊರು ಅವಳನ್ನು ನೋಡಿ ನಗಲಿಲ್ಲ. ಬೈಯಲೂ ಇಲ್ಲ. ಕರುಣೆಯಿಂದ ನೋಡಿತು. ಅದಕ್ಕಿಂತ ಹೊಲಸು ಬೇರೊಂದಿಲ್ಲ. ದ್ಯಾವೀರನ ತಿಥಿಯ ದಿನ ಯಾರೋ ಅವಳ ಗುಡಿಸಲಿಗೂ ಒಂದು ಎಲೆ ಅನ್ನ ಕಳಿಸಿದರು. ಅವಳು ಅದನ್ನು ತಿಪ್ಪೆಗೆ ಸುರಿದಳು. ದುಃಖ ಇನ್ನೂ ಆರಿಲ್ಲ ಎಂದು ಊರು ಮಾತಾಡಿಕೊಂಡಿತು.

ಕೋಣ ಇನ್ನೂ ಹತ್ತು ವರ್ಷ ಬದುಕಿತು. ಹತ್ತು ವರ್ಷವೂ ಸಂಜೆ ಏರಿಯ ಮೇಲಿನಿಂದ ಆ ಕೂಗು ಬಂತು. ಕೋಣ ಸತ್ತ ಮೇಲೆ ಅವಳು ಕೂಗಲಿಲ್ಲ, ಆದರೆ ಹೊತ್ತು ಇಳಿದರೆ ಕಾಲು ತಾನಾಗಿ ಏರಿಯ ಕಡೆಗೆ ಹೋಗುತ್ತಿತ್ತು. ಹೋಗಿ ನೀರು ನೋಡುತ್ತ ನಿಲ್ಲುತ್ತಿದ್ದಳು. ಬೇರೆ ಊರಿನಿಂದ ಹೊಸದಾಗಿ ಬಂದ ಸೊಸೆಯರು ಆ ಮುದುಕಿ ಯಾರು ಎಂದು ಕೇಳುತ್ತಿದ್ದರು. ದ್ಯಾವೀರ ಅಂತ ಒಬ್ಬನಿದ್ದ, ಅವನನ್ನು ಕರೆಯುತ್ತಿದ್ದಳು ಎಂದು ಅತ್ತೆಯರು ಹೇಳುತ್ತಿದ್ದರು. ಅವರ್ಯಾರೂ ಸುಳ್ಳು ಹೇಳಲಿಲ್ಲ. ಕಿವಿಯಾರೆ ಕೇಳಿದ್ದನ್ನೇ ಹೇಳಿದರು.

ಅಂಥ ಸೊಸೆಯೊಬ್ಬಳು ಒಂದು ದಿನ ಬಟ್ಟೆ ಒಗೆಯಲು ಬಂದವಳು ಅವಳ ಪಕ್ಕ ಕೂತು ಪ್ರೀತಿಯಿಂದ ಮಾತಾಡಿಸಿದಳು. ಮುದುಕಿಗೆ ತಡೆಯಲಾಗಲಿಲ್ಲ. ಕಬ್ಬಿನ ಗದ್ದೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ತಾನು ಕೂಗಿದ್ದು "ಅವ್ವಾ" ಎಂದು, ದ್ಯಾವೀರ ಎಂಬುದು ತನ್ನ ಕೋಣ ಎಂದು, ಅದು ಸತ್ತು ಇಷ್ಟು ವರ್ಷವಾಯಿತು ಎಂದು ಹೇಳಿದಳು. ಸೊಸೆ ಕಣ್ತುಂಬ ನೀರು ತಂದುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಅವಳ ಕೈ ಸವರಿ ಹೇಳಿದಳು: "ಈ ವಯಸ್ಸಲ್ಲಿ ಇನ್ನೇನಜ್ಜಿ ನಾಚಿಕೆ? ನನ್ನತ್ರ ಯಾಕೆ ಮುಚ್ಚಿಡ್ತೀಯ?"

ಅವಳು ಆಮೇಲೆ ಯಾರಿಗೂ ಏನೂ ಹೇಳಲಿಲ್ಲ. ಆ ಚಳಿಗಾಲದಲ್ಲಿ ಸತ್ತಳು. ಏರಿಯ ಮೇಲೆ ಅವಳು ನಿಲ್ಲುತ್ತಿದ್ದ ಕಡೆ ಒಂದು ಕಲ್ಲಿದೆ. ಅದನ್ನು ದ್ಯಾವೀರನ ಕಲ್ಲು ಎನ್ನುತ್ತಾರೆ. ಗಂಡ ಊರು ಬಿಟ್ಟು ಹೋಗಿರುವ ಹೆಣ್ಣುಮಕ್ಕಳು ಬಂದು ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಕಾಯಿ ಎಲ್ಲಾ ಸುಲಿದು ಆಗಿತ್ತು. ಶಿಷ್ಯನ ಮುಖ ಕೆಂಪಾಗಿತ್ತು.

"ಅವಳದೇನು ತಪ್ಪು, ಗುರುಗಳೇ?" ಎಂದ.

"ಏನೂ ಇಲ್ಲ" ಎಂದರು ಗುರುಗಳು.

"ಹಾಗಾದರೆ ಅಂಥವಳನ್ನು ನಾನಾದರೂ ನೆನೆಯುತ್ತೇನೆ. ಅವಳ ಹೆಸರೇನು?"

ಗುರುಗಳು ಮೊರ ಎತ್ತಿಕೊಂಡು ಎದ್ದರು.

"ಆ ಊರಿಗೆ ಹೋಗಿ ನಾನೂ ಅದನ್ನೇ ಕೇಳಿದೆ, ಊರಿಗೆ ಊರೇ ದ್ಯಾವೀರ ಎಂದಿತು."